ಊರಿನ ಏಡೆಡ್ ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸ್ಬಹುದಾ? ನನ್ನ ಅಭಿಪ್ರಾಯ, ಶಾಲೆಯ ಕಥೆ ಸಮೇತ

ಸೇರಿಸಿ, ಧೈರ್ಯದಲ್ಲಿ ಸೇರಿಸಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ, ಒಂದು ಸ್ಟಾರ್ ಯಾಕೆ ಕಮ್ಮಿ ಅಂತ ಕೆಳಗೆ ಬರೆದಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಸಣ್ಣ ಮಕ್ಕಳ ಅಪ್ಪ ಅಮ್ಮಂದಿರು, ಅದರಲ್ಲೂ ಗಲ್ಫ್ ಬಿಟ್ಟೋ ಬೆಂಗಳೂರು ಬಿಟ್ಟೋ ಊರಿಗೆ ವಾಪಸ್ ಬಂದವರು "ಆ ಶಾಲೆ ಹೇಗುಂಟು, ಕನ್ನಡ ಮೀಡಿಯಂ ಆದ್ರೆ ಮುಂದೆ ಎಂತ ಮಾಡೋದು, ಇನ್ನೆಷ್ಟು ವರ್ಷ ಇರ್ತದೆ ಆ ಶಾಲೆ" ಅಂತ ಕೇಳ್ತಾ ಇರ್ತಾರೆ, ಫೋನಲ್ಲಿ ಅರ್ಧಂಬರ್ಧ ಹೇಳಿದ್ರೆ ಸರಿಯಾಗೋದಿಲ್ಲ, ಅದಕ್ಕೆ ಪೂರ್ತಿ ಬರೀತಾ ಇದ್ದೇನೆ. ಉದ್ದ ಉಂಟು, ಪುರುಸೊತ್ತಲ್ಲಿ ಓದಿ. ಕೊರತೆಗಳನ್ನೂ ಬರೆದಿರೋದ್ರಿಂದ ಶಾಲೆಯ ಹೆಸರು ಹಾಕ್ಲಿಲ್ಲ. ಊರವರಿಗೆ ಓದುವಾಗಲೇ ಗೊತ್ತಾಗ್ತದೆ, ಬೇರೆಯವರಿಗೆ ಕುಂಬಳೆ ಶಿಕ್ಷಣ ಉಪಜಿಲ್ಲೆಯ ಇಂಥ ಹತ್ತಾರು ಶಾಲೆಗಳಲ್ಲಿ ಒಂದು ಅಂತ ತಿಳಿದ್ರೆ ಸಾಕು, ಮಂಜೇಶ್ವರ ಕಡೆಯ ಶಾಲೆಗಳಿಗೂ ಹೆಚ್ಚುಕಮ್ಮಿ ಇದೇ ಕಥೆ ಹೊಂದ್ತದೆ.

ಹೊರಗಿಂದ ಬಂದವರಿಗೆ ಒಂದು ಗೊಂದಲ ಉಂಟು, ಅದನ್ನು ಮೊದಲು ಬಿಡಿಸ್ತೇನೆ. ಕೇರಳದಲ್ಲಿ ಪ್ರೈವೇಟ್ ಮೇನೇಜ್‌ಮೆಂಟ್ ಶಾಲೆ ಎರಡು ತರ. ಅನ್‌ಏಡೆಡ್ ಅಂದ್ರೆ ಫೀಸ್ ಕೊಟ್ಟು ಕಲಿಸೋದು, ನೀವು ರಸ್ತೆಯಲ್ಲಿ ನೋಡೋ ಹಳದಿ ಬಸ್ಸು, ಟೈ, ಶೂ ಎಲ್ಲ ಹೆಚ್ಚಾಗಿ ಅದು. ಏಡೆಡ್ ಅಂದ್ರೆ ಜಾಗ, ಕಟ್ಟಡ ಮೇನೇಜರದ್ದು, ಟೀಚರನ್ನು ನೇಮಕ ಮಾಡೋದೂ ಮೇನೇಜರೇ, ಆದ್ರೆ ಸಂಬಳ ಸರ್ಕಾರ ಕೊಡ್ತದೆ, ಪಾಠಪುಸ್ತಕ, ಪರೀಕ್ಷೆ, ರೂಲ್ಸ್ ಎಲ್ಲ ಸರ್ಕಾರದ್ದು, ಮಕ್ಕಳಿಗೆ ಫೀಸ್ ಇಲ್ಲ. ನಾನು ಹೇಳ್ತಾ ಇರೋದು ಏಡೆಡ್ ಯು.ಪಿ. ಶಾಲೆ, ಒಂದರಿಂದ ಏಳನೇ ಕ್ಲಾಸಿನವರೆಗೆ. ನನ್ನ ಇಬ್ಬರು ಮಕ್ಕಳಲ್ಲಿ ದೊಡ್ಡವಳು ಅಲ್ಲಿ ಏಳು ಮುಗಿಸಿ ಈಗ ಹೈಸ್ಕೂಲಲ್ಲಿ ಇದ್ದಾಳೆ, ಸಣ್ಣವನು ಇನ್ನೂ ಅಲ್ಲೇ. ನಾನೂ ಕಲಿತದ್ದು ಅಲ್ಲೇ, ನನ್ನ ಅಜ್ಜಿ ಮೂರನೇ ಕ್ಲಾಸಿನವರೆಗೆ ಹೋದದ್ದೂ ಅಲ್ಲೇ.

ಶಾಲೆ ಶುರುವಾದಾಗ ನಮ್ಮೂರು ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆಯಲ್ಲಿತ್ತು, ಜಿಲ್ಲಾ ಕೇಂದ್ರ ಮಂಗಳೂರು. ಆಗ ಓದ್ಬೇಕು ಅಂದ್ರೆ ಕಾಸರಗೋಡು ಪೇಟೆಗೆ ಹೋಗ್ಬೇಕು, ಅಲ್ಲಿ ಬಾಸೆಲ್ ಮಿಶನಿನವರ ಶಾಲೆ ಇತ್ತು, ಈಚೆ ಕಡೆ ನೀರ್ಚಾಲಿನಲ್ಲಿ 1911ರಲ್ಲಿ ಶುರುವಾದ ಮಹಾಜನ ಸಂಸ್ಕೃತ ಕಾಲೇಜು ಇತ್ತು. ಆದ್ರೆ ಹೊಳೆಯಾಚೆಯ ಐದಾರು ವರ್ಷದ ಮಗು ಮಳೆಗಾಲದಲ್ಲಿ ಅಲ್ಲಿಗೆ ಹೋಗೋದು ಆಗುವ ಮಾತಲ್ಲ, ಅಡಿಕೆ ಮರದ ಸಂಕ ಒಂದು ರಾತ್ರಿಯ ಮಳೆಗೆ ಬಳ್ಕೊಂಡು ಹೋಗ್ತಿತ್ತು. ಹಾಗಾಗಿ ಈಗಿನ ಮೇನೇಜರ ಅಜ್ಜ, ಗದ್ದೆ ತೋಟ ಇದ್ದವರು, ಪದವಿನ (ಗುಡ್ಡೆಯ ಮೇಲಿನ ಬಯಲಿನ) ಅಂಚಿನಲ್ಲಿ ಮುಳಿಹುಲ್ಲಿನ ಮಾಡು ಹಾಕಿ ಒಬ್ಬರು ಮಾಷ್ಟ್ರನ್ನು ಕರ್ಕೊಂಡು ಬಂದು ಶಾಲೆ ಶುರು ಮಾಡಿದ್ರು. ಒಂದೇ ಕೋಣೆ, ಒಬ್ಬರೇ ಮಾಷ್ಟ್ರು, ಎಲ್ಲ ಕ್ಲಾಸಿನವರೂ ಒಟ್ಟಿಗೆ, ಸಣ್ಣವರಿಗೆ ಹೊಯಿಗೆಯಲ್ಲಿ ಬೆರಳಿಂದ ಅಕ್ಷರ, ದೊಡ್ಡವರಿಗೆ ಸ್ಲೇಟು. ಗ್ರಾಂಟ್ ಬರ್ಲಿಕ್ಕೆ ತಡ ಆದ್ರೆ ಮಾಷ್ಟ್ರಿಗೆ ಸಂಬಳದ ಬದಲು ಅಕ್ಕಿ ಮುಡಿ, ತೆಂಗಿನಕಾಯಿ. ಮಾಷ್ಟ್ರ ಊಟ, ವಾಸ ಎಲ್ಲ ಮೇನೇಜರ ಮನೆಯ ಚಾವಡಿಯಲ್ಲಿ. ಇದೆಲ್ಲ ನನ್ನ ಅಜ್ಜಿ ಹೇಳಿದ್ದು, ಊರಲ್ಲಿ ಯಾವ ಹಳಬರನ್ನು ಕೇಳಿದ್ರೂ ಹೆಚ್ಚುಕಮ್ಮಿ ಇದನ್ನೇ ಹೇಳ್ತಾರೆ.

ಆಫೀಸ್ ರೂಮಿನ ಕಪಾಟಿನಲ್ಲಿ ಹಳೇ ಅಡ್ಮಿಶನ್ ರಿಜಿಸ್ಟರ್ ಉಂಟು. ಪಿ.ಟಿ.ಎ.ಯಲ್ಲಿ (ಅಪ್ಪ ಅಮ್ಮಂದಿರ, ಟೀಚರುಗಳ ಸಂಘ) ಇದ್ದಾಗ ಒಂದು ಜನನ ದಿನಾಂಕ ಹುಡುಕ್ಲಿಕ್ಕೆ ಅಂತ ಹೆಡ್ಮಾಷ್ಟ್ರು ಅದನ್ನು ತೆಗೆದಾಗ ನಾನೂ ಕೂತು ನೋಡಿದೆ. ಬಟ್ಟೆಯ ಬೈಂಡು, ಅಂಚು ಗೆದ್ದಲು ತಿಂದು ಕೆಲವು ಸಾಲು ಅರ್ಧ ಹೋಗಿದೆ, ಮಸಿ ಕಂದು ಬಣ್ಣಕ್ಕೆ ತಿರುಗಿದೆ, ಆದ್ರೆ ಅಕ್ಷರ ಮಾತ್ರ ಮುತ್ತಿನ ಹಾಗೆ. ಹೆಸರು, ಜಾತಿ, ಪೋಷಕರ ಕಸುಬು, ಸೇರಿದ ತಾರೀಕು, ಬಿಟ್ಟ ತಾರೀಕು, ಕೊನೆಗೆ ಬಿಟ್ಟ ಕಾರಣ ಅಂತ ಒಂದು ಕಾಲಂ. ಆ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿದ್ರೆ ಊರಿನ ಚರಿತ್ರೆ ಪೂರ್ತಿ ಸಿಗ್ತದೆ. "ಕೆಲಸಕ್ಕೆ", "ಕೆಲಸಕ್ಕೆ", "ದನ ಮೇಯಿಸಲು", "ಮದುವೆ", "ಘಟ್ಟಕ್ಕೆ", ಮತ್ತೆ "ಕೆಲಸಕ್ಕೆ". ಘಟ್ಟಕ್ಕೆ ಅಂದ್ರೆ ಕಾಫಿ ತೋಟದ ಕೆಲಸಕ್ಕೆ ಕೊಡಗಿಗೋ ಚಿಕ್ಕಮಗಳೂರಿಗೋ ಮನೆಮಂದಿ ಒಟ್ಟಿಗೆ ಹತ್ತಿದ್ದು. ಹೆಣ್ಣು ಮಕ್ಕಳ ಹೆಸರು ಪುಟಕ್ಕೆ ಒಂದೋ ಎರಡೋ, ಅದೂ ಎರಡನೇ ಮೂರನೇ ಕ್ಲಾಸಲ್ಲೇ ನಿಲ್ತದೆ. ಮುಂದಿನ ಪುಸ್ತಕಗಳಿಗೆ ಬಂದ ಹಾಗೆ "ಕೆಲಸಕ್ಕೆ" ಕಮ್ಮಿಯಾಗ್ತಾ "ತೇರ್ಗಡೆ, ಟಿ.ಸಿ. ಕೊಡಲಾಗಿದೆ" ಜಾಸ್ತಿಯಾಗ್ತದೆ, ಹುಡುಗಿಯರ ಹೆಸರು ಹುಡುಗರಷ್ಟೇ ಬರ್ತದೆ, ಕೂಲಿ ಕೆಲಸದ ಮನೆಯ ಮಕ್ಕಳೂ ಏಳನೇ ಕ್ಲಾಸ್ ಮುಗಿಸಿದ್ದು ಕಾಣ್ತದೆ. ಈ ಶಾಲೆ ಬೆಳೆದದ್ದು ಅಂತ ಹೇಳುವಾಗ ನನಗೆ ಮೊದಲು ನೆನಪಾಗೋದು ಕಟ್ಟಡ ಅಲ್ಲ, ಈ ಕಾಲಂ. ಅದನ್ನು ಸ್ಕ್ಯಾನ್ ಮಾಡಿ ಇಡ್ಬೇಕು ಅಂತ ನಾನು ಹೇಳ್ತಾನೇ ಇದ್ದೇನೆ, ಇನ್ನೊಂದು ಮಳೆಗಾಲ ಕಳೆದ್ರೆ ಇನ್ನೊಂದಷ್ಟು ಸಾಲು ಹೋಗ್ತದೆ, ದಯವಿಟ್ಟು ಹಳೆ ವಿದ್ಯಾರ್ಥಿಗಳು ಯಾರಾದ್ರೂ ಕೈ ಜೋಡಿಸಿ.

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು ಎಲ್ಲರಿಗೂ ಗೊತ್ತುಂಟು. ಅದರ ನೋವು, ಗಡಿ ತೀರ್ಮಾನಕ್ಕೆ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಜಾಗ ಕರ್ನಾಟಕಕ್ಕೆ ಕೊಡ್ಬೇಕು ಅಂದದ್ದು, ಅದು ಆಗದೇ ಉಳಿದದ್ದು, ಅದನ್ನೆಲ್ಲ ಇಲ್ಲಿ ಬಿಡಿಸ್ಲಿಕ್ಕೆ ಹೋಗೋದಿಲ್ಲ. ಶಾಲೆಯ ಮಟ್ಟಿಗೆ ಏನಾಯ್ತು ಅಂತ ಮಾತ್ರ ಹೇಳ್ತೇನೆ. ಮಂಗಳೂರಿನ ಕಚೇರಿಗೆ ಹೋಗ್ತಿದ್ದ ಕಾಗದ ಕಣ್ಣೂರಿಗೆ ಹೋಗ್ಲಿಕ್ಕೆ ಶುರುವಾಯ್ತು, ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984 ಮೇ 24ಕ್ಕೆ, ಅಲ್ಲಿಯವರೆಗೂ ಹಾಗೇ. ಕಚೇರಿಯ ಭಾಷೆ ಮಲಯಾಳಂ ಆಯ್ತು, ಕ್ಲಾಸಿನ ಭಾಷೆ ಕನ್ನಡವೇ ಉಳೀತು. ಇನ್ನೊಂದು ಕಡೆ ಒಳ್ಳೆಯದೂ ಆಯ್ತು, ಅದನ್ನು ಹೇಳದೇ ಇದ್ರೆ ತಪ್ಪಾಗ್ತದೆ. ಕೇರಳದ ಮೊದಲ ಮುಖ್ಯಮಂತ್ರಿ ಇಎಂಎಸ್ ಸರ್ಕಾರದ ವಿದ್ಯಾಮಂತ್ರಿ ಜೋಸೆಫ್ ಮುಂಡಶ್ಶೇರಿ 1957ರಲ್ಲಿ ತಂದ ಎಜುಕೇಶನ್ ಬಿಲ್ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಿದ್ದುಪಡಿಯಾಗಿ, 1959 ಜೂನ್ 1ಕ್ಕೆ ಜಾರಿಗೆ ಬಂತು. ಅದಕ್ಕೆ ವಿರೋಧ ಎಷ್ಟಿತ್ತು, ಆ ವರ್ಷ ಜುಲೈ 31ಕ್ಕೆ ಸರ್ಕಾರವೇ ಹೋಯ್ತು ಅನ್ನೋದು ಬೇರೆ ವಿಷಯ, ಆದ್ರೆ ಏಡೆಡ್ ಶಾಲೆಯ ಮಾಷ್ಟ್ರಿಗೆ ಸರ್ಕಾರವೇ ಸಂಬಳ ಕೊಡುವ ವ್ಯವಸ್ಥೆ ಭದ್ರ ಆಯ್ತು. ಅಕ್ಕಿ ಮುಡಿಯ ಕಾಲ ಮುಗೀತು. ಸಂಬಳ ಖಾತ್ರಿ ಆದ ಮೇಲೆ ಟ್ರೈನಿಂಗ್ ಆದ ಮಾಷ್ಟ್ರುಗಳು ಬಂದ್ರು, ಟೀಚರಮ್ಮಂದಿರು ಬಂದ್ರು, ಹುಡುಗಿಯರು ಬಂದ್ರು, ಕ್ಲಾಸುಗಳು ಒಂದೊಂದಾಗಿ ಮೇಲೆ ಹೋಗಿ ಯು.ಪಿ. ಆಯ್ತು.

ಆಮೇಲೆ ಭೂಸುಧಾರಣೆ. 1970 ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಗಿ ಉಳುವವನಿಗೆ ಹಕ್ಕು ಬಂತು. ಶಾಲೆಗೆ ಬರ್ತಿದ್ದ ಮಕ್ಕಳಲ್ಲಿ ಎಷ್ಟೋ ಮನೆಗಳಿಗೆ ಸ್ವಂತ ಜಾಗ ಆಯ್ತು, ಅವರ ಮಕ್ಕಳು ಮಧ್ಯದಲ್ಲಿ ಬಿಡೋದು ಕಮ್ಮಿ ಆಯ್ತು. ಅದೇ ಹೊತ್ತಿಗೆ ಮೇನೇಜರ ಮನೆಗೆ ಬರ್ತಿದ್ದ ಗೇಣಿ ಅಕ್ಕಿ ನಿಂತು ಹೋಯ್ತು. ಏಡೆಡ್ ಶಾಲೆಯಲ್ಲಿ ಕಟ್ಟಡದ ಹೊಣೆ ಮೇನೇಜರದ್ದು, ಸರ್ಕಾರ ಕೊಡುವ ಮೈಂಟೆನೆನ್ಸ್ ಗ್ರಾಂಟ್ ಸುಣ್ಣ ಬಳೀಲಿಕ್ಕೂ ಕಷ್ಟ. ಮಕ್ಕಳು ಜಾಸ್ತಿ ಆಗ್ತಾ ಇದ್ದಾರೆ, ಕಟ್ಟಡಕ್ಕೆ ದುಡ್ಡಿಲ್ಲ, ಇದು ಎಪ್ಪತ್ತರ ದಶಕದ ಸ್ಥಿತಿ. ಆಗ ಶಾಲೆ ಶುರು ಮಾಡಿದವರ ಮಗ ಶಾಲೆ ಮಾರ್ಲಿಲ್ಲ, ಮುಚ್ಚಲೂ ಇಲ್ಲ. ಊರವರು ಕಲ್ಲು ಹೊತ್ರು, ಗೇಣಿ ಬಿಟ್ಟು ಜಾಗ ಪಡೆದವರೇ ಬಂದು ಅಡಿಪಾಯ ತೋಡಿದ್ರು, ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು, ಉದ್ದ ಜಗಲಿ, ಈಗ ನೀವು ನೋಡೋ ಹಳೆಯ ಬ್ಲಾಕ್ ಹಾಗೆ ಎದ್ದದ್ದು. ಕೋರ್ಟಿನಲ್ಲಿ ಎದುರು ಬದುರಾದ ಮನೆಯವರು ಶಾಲೆಯ ಕೆಲಸಕ್ಕೆ ಒಂದೇ ಸಾಲಿನಲ್ಲಿ ನಿಂತು ಕಲ್ಲು ಕೈದಾಟಿಸಿದ್ರು ಅಂತ ಹಳಬರು ಈಗಲೂ ಹೇಳ್ತಾರೆ, ನನಗೆ ಇದು ತುಂಬ ದೊಡ್ಡ ವಿಷಯ ಅಂತ ಅನಿಸ್ತದೆ.

ನಾವು ಓದುವಾಗ, ಎಂಬತ್ತರ ದಶಕ ಅಂತ ಇಟ್ಕೊಳ್ಳಿ, ಶಾಲೆ ತುಂಬಿ ತುಳುಕ್ತಿತ್ತು. ಪ್ರತಿ ಕ್ಲಾಸಿಗೂ ಎ, ಬಿ ಎರಡು ಡಿವಿಷನ್. ನಮಗಿಂತ ದೊಡ್ಡವರು ಅಮೆರಿಕದ ಕೇರ್‌ ಸಂಸ್ಥೆಯವರು ಕೊಡ್ತಿದ್ದ ಗೋಧಿಯ ಉಪ್ಪಿಟ್ಟು ತಿಂದವರು, ನಮ್ಮ ಕಾಲಕ್ಕೆ ಗಂಜಿ ಮತ್ತೆ ಪಚ್ಚೆಹೆಸರು ಬಂತು. ತೊಂಬತ್ತರ ನಂತರ ಇಳಿತ. ಮನೆಯಲ್ಲಿ ಮಕ್ಕಳೇ ಕಮ್ಮಿ ಆದ್ರು, ಗಲ್ಫಿನ ದುಡ್ಡು ಬಂತು, ಮನೆ ಗೇಟಿಗೆ ವ್ಯಾನ್ ಬರುವ ಇಂಗ್ಲಿಷ್ ಮೀಡಿಯಂ ಶಾಲೆಗಳು ಬಂದ್ವು. ಬಿ ಡಿವಿಷನ್ ಹೋಯ್ತು. ಆಮೇಲೆ ಎ ಡಿವಿಷನಲ್ಲೂ ಬೆಂಚು ಖಾಲಿ. ಕ್ಲಾಸಿಗೆ ಇಷ್ಟು ಮಕ್ಕಳು ಇಲ್ಲದಿದ್ರೆ ಅನ್‌ಇಕನಾಮಿಕ್ (ನಡೆಸಿದ್ರೆ ನಷ್ಟ) ಅಂತ ಸರ್ಕಾರ ಪಟ್ಟಿ ಮಾಡ್ತದೆ, ಆ ಪಟ್ಟಿಯ ಅಂಚಿಗೆ ನಮ್ಮ ಶಾಲೆ ಬಂದು ನಿಂತಿತ್ತು. ನೂರು ಮನೆಯ ಮಕ್ಕಳಿಗೆ ಅಕ್ಷರ ಕೊಟ್ಟ ಶಾಲೆಯನ್ನು ಆ ಶಬ್ದದಲ್ಲಿ ಕರೆಯೋದು ಕೇಳಿದಾಗ ಹೊಟ್ಟೆ ಉರೀತದೆ.

ಇಲ್ಲಿ ಆರನೇ ದಿನದ ಲೆಕ್ಕ ಅಂತ ಒಂದುಂಟು, ಹೊಸಬರಿಗೆ ಗೊತ್ತಿರೋದಿಲ್ಲ. ಜೂನಲ್ಲಿ ಶಾಲೆ ಶುರುವಾಗಿ ಆರನೇ ವರ್ಕಿಂಗ್ ಡೇಗೆ ಎಷ್ಟು ಮಕ್ಕಳು ರೋಲಲ್ಲಿ ಇದ್ದಾರೋ ಅದರ ಮೇಲೆ ಆ ವರ್ಷದ ಸ್ಟಾಫ್ ಫಿಕ್ಸೇಶನ್. ಒಂದರಿಂದ ಐದರವರೆಗೆ ಮೂವತ್ತು ಮಕ್ಕಳಿಗೆ ಒಬ್ಬ ಟೀಚರ್, ಅದರ ಮೇಲೆ ಮೂವತ್ತೈದಕ್ಕೆ ಒಬ್ಬರು, ಆರ್‌ಟಿಇ (ಶಿಕ್ಷಣ ಹಕ್ಕು ಕಾನೂನು) ಬಂದ ಮೇಲಿನ ಲೆಕ್ಕ ಇದು. ನಾಲ್ಕು ಮಕ್ಕಳು ಕಮ್ಮಿಯಾದ್ರೆ ಒಂದು ಪೋಸ್ಟ್ ಹೋಗ್ಬಹುದು, ಪೋಸ್ಟ್ ಹೋದ್ರೆ ಪಾಠ ಸಡಿಲ ಆಗ್ತದೆ, ಪಾಠ ಸಡಿಲ ಆದ್ರೆ ಮುಂದಿನ ವರ್ಷ ಇನ್ನಷ್ಟು ಮಕ್ಕಳು ಬೇರೆ ಕಡೆ ಹೋಗ್ತಾರೆ. ಈ ಸುಳಿಗೆ ಸಿಕ್ಕಿದ ಶಾಲೆ ಮೇಲೆ ಬರೋದು ಕಷ್ಟ, ನಮ್ಮದು ಮೇಲೆ ಬಂದದ್ದು ಹೇಗೆ ಅಂತ ಹೇಳ್ಲಿಕ್ಕೇ ಇಷ್ಟು ಬರೆದದ್ದು.

ಬಂದದ್ದು ಟೀಚರುಗಳಿಂದ. ಏಪ್ರಿಲ್ ಮೇ ರಜೆಯಲ್ಲಿ, ಆ ಸೆಕೆಯಲ್ಲಿ, ಇಬ್ಬಿಬ್ಬರಾಗಿ ಮನೆಮನೆ ಹತ್ತಿ ಇಳಿದು ಬರ್ತಾರೆ. ಅಂಗನವಾಡಿಯಲ್ಲಿ ಯಾವ ಮಗು ಉಂಟು, ಯಾರ ಮಗಳು ಬಾಣಂತನಕ್ಕೆ ಬಂದು ಇಲ್ಲೇ ನಿಂತಿದ್ದಾಳೆ, ಯಾವ ಕ್ವಾರ್ಟರ್ಸಿಗೆ ಹೊಸ ಸಂಸಾರ ಬಂದಿದೆ, ಎಲ್ಲ ಗೊತ್ತುಂಟು ಅವರಿಗೆ. ಮಗುವನ್ನು ಕಳಿಸಿ ಅಂತ ಕೇಳೋದು ಮಾತ್ರ ಅಲ್ಲ, ಕಳಿಸೋದಿಲ್ಲ ಅಂದವರ ಹತ್ರ ಯಾಕೆ ಅಂತ ಕೇಳಿ ಬರ್ಕೊಂಡು ಬಂದ್ರು. ಎರಡು ಉತ್ತರ ಹೆಚ್ಚು ಬಂತು, ವ್ಯಾನ್ ಇಲ್ಲ, ಎಲ್‌ಕೆಜಿ ಇಲ್ಲ. ಪಿ.ಟಿ.ಎ. ಕೂತು ಪ್ರೀ ಪ್ರೈಮರಿ ಶುರು ಮಾಡಿತು, ಅದಕ್ಕೆ ಸಣ್ಣ ಫೀಸ್ ಉಂಟು, ಯಾಕಂದ್ರೆ ಆ ಟೀಚರಿಗೂ ಆಯಾಗೂ ಪಿ.ಟಿ.ಎ.ಯೇ ಕೊಡ್ಬೇಕು. ವ್ಯಾನ್ ತಗೊಂಡ್ರು, ಡ್ರೈವರ್ ಸಂಬಳ, ಡೀಸೆಲ್, ಇನ್ಶೂರೆನ್ಸ್ ಎಲ್ಲ ಮಕ್ಕಳಿಂದ ತಗೊಂಡ ದುಡ್ಡಲ್ಲಿ ಆಗೋದಿಲ್ಲ, ಉಳಿದದ್ದನ್ನು ಪ್ರತಿ ತಿಂಗಳೂ ಟೀಚರುಗಳು ತಮ್ಮ ಸಂಬಳದಿಂದ ಹಾಕ್ತಾರೆ. ಇದನ್ನು ಅವರು ಎಲ್ಲೂ ಹೇಳ್ಕೊಳ್ಳೋದಿಲ್ಲ, ಪಿ.ಟಿ.ಎ. ಲೆಕ್ಕ ನೋಡಿದವರಿಗೆ ಮಾತ್ರ ಗೊತ್ತು. ಮೇನೇಜರ ಮನೆಯ ಈಗಿನ ತಲೆಮಾರು ಹಳೆ ವಿದ್ಯಾರ್ಥಿಗಳ ಒಟ್ಟಿಗೆ ಸೇರಿ ಹೊಸ ಬ್ಲಾಕ್ ಕಟ್ಟಿಸಿತು, ಟೈಲ್ಸು, ಫ್ಯಾನು, ಹೆಣ್ಣು ಮಕ್ಕಳಿಗೆ ಬೇರೆ ಟಾಯ್ಲೆಟ್. ಈಗ ಬಿ ಡಿವಿಷನ್ ಇಲ್ಲದಿದ್ರೂ ಎ ಡಿವಿಷನ್ ಗಟ್ಟಿ ಉಂಟು, ಪಟ್ಟಿಯ ಅಂಚಿಂದ ದೂರ ಬಂದಿದೆ. ಸಣ್ಣ ಶಾಲೆಗೆ ಇದೇ ದೊಡ್ಡ ಬೆಳವಣಿಗೆ.

ಪಾಠ ಹೇಗೆ? ಒಂದನೇ ಕ್ಲಾಸಲ್ಲಿ ಒಂದು ದಿನ ಹೊರಗೆ ನಿಂತು ನೋಡಿ, ನಿಮಗೆ ಗೊತ್ತಾಗ್ತದೆ. ಮನೆಯಲ್ಲಿ ತುಳು ಮಾತಾಡೋ ಮಕ್ಕಳು, ಬ್ಯಾರಿ, ಮಲಯಾಳಂ, ಹವ್ಯಕ, ಮರಾಟಿ, ಕೊಂಕಣಿ ಮಾತಾಡೋ ಮಕ್ಕಳು, ಎಲ್ಲ ಒಂದೇ ಚಾಪೆಯಲ್ಲಿ. ಒಂದನೇ ಕ್ಲಾಸಿನ ಟೀಚರ್ "ನೀರ್ ಬೋಡಾ" (ನೀರು ಬೇಕಾ) ಅಂತ ಒಬ್ಬನ ಹತ್ರ ತುಳುವಲ್ಲಿ ಕೇಳಿ, ಪಕ್ಕದವಳ ಹತ್ರ ಮಲಯಾಳಂನಲ್ಲಿ ಕೇಳಿ, ಮತ್ತೆ ಎಲ್ಲರಿಗೂ ಸೇರಿಸಿ ಕನ್ನಡದಲ್ಲಿ ಹೇಳಿ ಹೇಳಿಸ್ತಾರೆ. ಮೊದಲ ಟರ್ಮಿನ ಓಣಂ ಪರೀಕ್ಷೆ ಬರುವ ಹೊತ್ತಿಗೆ ಎಲ್ಲ ಮಕ್ಕಳೂ ಕನ್ನಡದಲ್ಲಿ ಜಗಳ ಮಾಡ್ಲಿಕ್ಕೆ ಶುರು ಮಾಡಿರ್ತಾರೆ. ಕಾಸರಗೋಡು ಸಪ್ತಭಾಷಾ ಭೂಮಿ ಅಂತ ವೇದಿಕೆಯಲ್ಲಿ ಹೇಳ್ತೇವಲ್ಲ, ಅದು ನಿಜವಾಗಿ ನಡೆಯೋದು ಆ ಒಂದನೇ ಕ್ಲಾಸಲ್ಲಿ. ಮನೆಯಲ್ಲಿ ಕನ್ನಡ ಇಲ್ಲ, ಮಗುವಿಗೆ ಕಷ್ಟ ಆಗ್ಬಹುದಾ ಅಂತ ಹೆದರುವವರಿಗೆ ಇದೇ ನನ್ನ ಉತ್ತರ.

ಇನ್ನೊಂದು ಮುಖ್ಯ ವಿಷಯ, ಟೀಚರುಗಳಿಗೆ ಕನ್ನಡ ಬರ್ತದೆ. ಇದೆಂತ ದೊಡ್ಡದು ಅಂತ ಕರ್ನಾಟಕದವರಿಗೆ ಅನ್ನಿಸ್ಬಹುದು, ಆದ್ರೆ ಇಲ್ಲಿ ಸರ್ಕಾರಿ ಕನ್ನಡ ಮೀಡಿಯಂ ಕ್ಲಾಸುಗಳಿಗೆ ಕನ್ನಡ ಬಾರದವರು ನೇಮಕ ಆಗಿ ಬಂದು, ಮಕ್ಕಳು ಅಪ್ಪ ಅಮ್ಮಂದಿರು ಬೀದಿಗೆ ಇಳಿದದ್ದು ಪೇಪರಲ್ಲಿ ನೋಡಿದ್ದೇವೆ. ಏಡೆಡ್ ಶಾಲೆಯಲ್ಲಿ ನೇಮಕ ಮೇನೇಜರ ಕೈಲಿ ಇರೋದ್ರಿಂದ ಈ ಊರಿನ, ಈ ಭಾಷೆಯ, ಮಾಯಿಪ್ಪಾಡಿ ಡಯಟ್ಟಲ್ಲೋ (ಟೀಚರ್ ಟ್ರೈನಿಂಗ್ ಸಂಸ್ಥೆ) ಬೇರೆ ಕಡೆಯೋ ಕನ್ನಡದಲ್ಲೇ ಟ್ರೈನಿಂಗ್ ಆದವರನ್ನು ತಗೊಳ್ಳಬಹುದು. ಅದೇ ಅಧಿಕಾರವನ್ನು ಪೋಸ್ಟಿಗೆ ಇಷ್ಟು ಲಕ್ಷ ಅಂತ ಮಾರುವ ಮೇನೇಜ್‌ಮೆಂಟುಗಳೂ ಕೇರಳದಲ್ಲಿ ಇದ್ದಾವೆ ಅನ್ನೋದು ಗುಟ್ಟಲ್ಲ, ಹಾಗಾಗಿ ಏಡೆಡ್ ಎಲ್ಲ ಒಳ್ಳೇದು ಅಂತ ನಾನು ಹೇಳೋದಿಲ್ಲ, ಮೇನೇಜರ್ ಯಾರು ಅಂತ ನೋಡ್ಬೇಕು. ಮತ್ತೆ ನೇಮಕ ಆದ್ರೂ ಸರ್ಕಾರದ ಅಪ್ರೂವಲ್ ಆಗ್ದೆ ಸಂಬಳ ಬರೋದಿಲ್ಲ. ನನ್ನ ಮಗಳಿಗೆ ಗಣಿತ ಕಲಿಸಿದ ಟೀಚರ್ ತುಂಬ ಕಾಲ ಅಪ್ರೂವಲ್ ಸಿಗದೆ, ಸಂಬಳ ಇಲ್ಲದೆ, ಸಂಜೆ ಟ್ಯೂಷನ್ ಮಾಡ್ಕೊಂಡು ದಿನಾ ಬರ್ತಾ ಇದ್ರು. ಭಿನ್ನರಾಶಿ ಕಲಿಸ್ಲಿಕ್ಕೆ ಅಡಿಕೆ ಹಾಳೆ ಚಪ್ಪಟೆ ಮಾಡಿ ತುಂಡು ತುಂಡು ಕತ್ತರಿಸ್ಕೊಂಡು ಬಂದು, ಅರ್ಧ, ಕಾಲು, ಅರೆಕಾಲು ಜೋಡಿಸಿ ತೋರಿಸ್ತಿದ್ರು, ಅಡಿಕೆ ಹಾಳೆ ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ, ಮಕ್ಕಳು ಮನೆಗೆ ಬಂದು ಅದನ್ನೇ ಕತ್ತರಿಸಿ ಆಡ್ತಿದ್ರು. ಅಂಥ ಟೀಚರಿಗೆ ಸಂಬಳ ಇಲ್ಲ ಅಂದಾಗ ಸಿಟ್ಟು ಬರ್ತದೆ. ಈಗ ಅವರದ್ದು ಸರಿ ಆಗಿದೆ.

ನಾಲ್ಕನೇ ಕ್ಲಾಸಲ್ಲಿ ಎಲ್‌ಎಸ್‌ಎಸ್, ಏಳನೇದ್ರಲ್ಲಿ ಯುಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಸ್ಪೆಷಲ್ ಕ್ಲಾಸ್ ಮಾಡ್ತಾರೆ, ಶನಿವಾರವೂ. ಉಪಜಿಲ್ಲಾ ಕಲೋತ್ಸವಕ್ಕೆ ಕನ್ನಡ ಪದ್ಯ, ಭಾಷಣಕ್ಕೆ ತಯಾರಿ ಜೋರು. ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ವಾರ್ಷಿಕೋತ್ಸವಕ್ಕೆ ಮಕ್ಕಳ ಯಕ್ಷಗಾನ ಇಲ್ಲದಿದ್ರೆ ಊರವರು ಬರೋದೇ ಇಲ್ಲ, ಹೈಸ್ಕೂಲಿಗೆ ಹೋದ ಮೇಲೆ ಕೇರಳದ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆಯೇ ಆಗಿರೋದ್ರಿಂದ ಇಲ್ಲಿ ಹೆಜ್ಜೆ ಕಲಿತವರಿಗೆ ಮುಂದೆ ಉಪಯೋಗಕ್ಕೆ ಬರ್ತದೆ. ಸರ್ಕಾರದ ಶಾಲಾ ಕಂಪ್ಯೂಟರ್ ಸಂಸ್ಥೆ ಕೈಟ್‌ನಿಂದ ಬಂದ ಲ್ಯಾಪ್‌ಟಾಪು, ಪ್ರೊಜೆಕ್ಟರು ಉಂಟು, ಬಳಸ್ತಾರೆ. 2020ರಲ್ಲಿ ಫಸ್ಟ್ ಬೆಲ್ ಆನ್‌ಲೈನ್ ಕ್ಲಾಸ್ ಶುರುವಾದಾಗ ನಮ್ಮ ಗುಡ್ಡೆಯ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲ, ಟೀಚರುಗಳು ವರ್ಕ್‌ಶೀಟ್ ಪ್ರಿಂಟ್ ಮಾಡಿ ಮನೆಗಳಿಗೆ ಮುಟ್ಟಿಸಿದ್ರು, ಅದನ್ನು ನಾವು ಯಾರೂ ಮರೀಲಿಕ್ಕಿಲ್ಲ.

ಊಟದ ಬಗ್ಗೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ಒಂದು ಪಲ್ಯ, ವಾರಕ್ಕೆ ಮೊಟ್ಟೆ, ಹಾಲು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡಿಗೆಯ ಅಕ್ಕ ವರ್ಷಗಳಿಂದ ಒಬ್ಬರೇ, ಯಾವ ಮಗು ಅರ್ಧ ಬಿಟ್ಟು ಎದ್ದಿತು ಅಂತ ಸಂಜೆ ಅಮ್ಮಂದಿರಿಗೆ ಹೇಳುವಷ್ಟು ಗಮನ ಉಂಟು. ಸರ್ಕಾರ ತಲೆಗೆ ಇಷ್ಟು ಅಂತ ಕೊಡುವ ದುಡ್ಡಲ್ಲಿ ತರಕಾರಿ ಆಗೋದಿಲ್ಲ, ತೋಟದವರು ತೆಂಗಿನಕಾಯಿ, ಬಾಳೆಕಾಯಿ, ಹಲಸು ತಂದು ಹಾಕ್ತಾರೆ. ಕುಡಿಯುವ ನೀರು ಸುರಂಗದ್ದು. ಹಿಂದಿನ ಗುಡ್ಡೆಗೆ ಅಡ್ಡ ಕೊರೆದ ಹಳೇ ಸುರಂಗ, ಪಂಪು ಬೇಡ, ಕರೆಂಟು ಬೇಡ, ತನ್ನಷ್ಟಕ್ಕೆ ಹರಿದು ಟ್ಯಾಂಕಿಗೆ ಬೀಳ್ತದೆ, ಏಪ್ರಿಲಲ್ಲೂ ಬತ್ತಿದ್ದು ನಾನು ನೋಡ್ಲಿಲ್ಲ. ಕುದಿಸಿ ಕೊಡ್ತಾರೆ.

ಈಗ ಕಮ್ಮಿ ಮಾಡಿದ ಒಂದು ಸ್ಟಾರ್. ಇಂಗ್ಲಿಷ್ ಬರೆಯೋದು ಕಲಿಸ್ತಾರೆ, ಮಾತಾಡೋದು ಬರೋದಿಲ್ಲ. ನನ್ನ ಮಗಳಿಗೆ ಎಂಟನೇ ಕ್ಲಾಸಿಗೆ ಹೋದಾಗ ಅರ್ಧ ವರ್ಷ ತಡವರಿಸಿತು, ಇದಕ್ಕೆ ಶಾಲೆ ಏನಾದ್ರೂ ಮಾಡ್ಲೇಬೇಕು, ಪಿ.ಟಿ.ಎ. ಮೀಟಿಂಗಲ್ಲೂ ಹೇಳಿದ್ದೇನೆ. ಕನ್ನಡ ಮೀಡಿಯಂ ಪಾಠಪುಸ್ತಕ ಕೆಲವು ವರ್ಷ ತಡ, ಮಲಯಾಳಂ ಮೀಡಿಯಂ ಮಕ್ಕಳ ಕೈಲಿ ಪುಸ್ತಕ ಇರ್ತದೆ, ನಮ್ಮವರ ಕೈಲಿ ಝೆರಾಕ್ಸ್. ಸುತ್ತೋಲೆ, ಟ್ರೈನಿಂಗ್ ಮೆಟೀರಿಯಲ್ ಎಲ್ಲ ಮಲಯಾಳಂನಲ್ಲಿ ಬಂದು ಟೀಚರುಗಳು ರಾತ್ರಿ ಕೂತು ಕನ್ನಡ ಮಾಡ್ಬೇಕು. ಇದು ಶಾಲೆಯ ತಪ್ಪಲ್ಲ, ಆದ್ರೆ ಪೆಟ್ಟು ಬೀಳೋದು ಮಕ್ಕಳಿಗೆ. ಆಟದ ಮೈದಾನ ಇಳಿಜಾರು, ಮಳೆಗಾಲದಲ್ಲಿ ಕೊರಕಲು ಬಿದ್ದು ಓಡ್ಲಿಕ್ಕೆ ಆಗೋದಿಲ್ಲ. ಪಿ.ಟಿ. ಮಾಷ್ಟ್ರು ಇಲ್ಲ. ಲೈಬ್ರರಿಯಲ್ಲಿ ಪುಸ್ತಕ ಚೆನ್ನಾಗಿ ಉಂಟು, ಆದ್ರೆ ಬೀಗದ ಒಳಗೆ, ಮಕ್ಕಳ ಕೈಗೆ ಸಿಗೋದು ವಾರಕ್ಕೊಮ್ಮೆ, ಇದು ಮನಸ್ಸು ಮಾಡಿದ್ರೆ ನಾಳೆಯೇ ಸರಿ ಮಾಡ್ಬಹುದಾದದ್ದು.

ಮಲಯಾಳಂ ಬಗ್ಗೆ ಬೇಕು ಅನ್ನುವವರು, ಬೇಡ ಅನ್ನುವವರು, ಎರಡೂ ಕಡೆಯವರು ಕೇಳ್ತಾರೆ. 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಅಂತ ಕಾನೂನು ಬಂದಾಗ ಕಾಸರಗೋಡಲ್ಲಿ ದೊಡ್ಡ ಪ್ರತಿಭಟನೆ ಆಯ್ತು, ನಾನೂ ಹೋಗಿದ್ದೆ, ಕಡ್ಡಾಯಕ್ಕೆ ನನ್ನ ವಿರೋಧ ಈಗಲೂ ಉಂಟು. ಆದ್ರೆ ಈ ರಾಜ್ಯದಲ್ಲಿ ಬದುಕುವ ಮಗುವಿಗೆ ಮಲಯಾಳಂ ಓದ್ಲಿಕ್ಕೆ ಬರ್ಬೇಕು, ಆಸ್ಪತ್ರೆ, ಪಂಚಾಯತು, ಸರ್ಕಾರಿ ಕೆಲಸದ ಪಿ.ಎಸ್‌.ಸಿ. ಎಲ್ಲ ಕಡೆ ಬೇಕು. ಇಲ್ಲಿಯ ಮಕ್ಕಳು ಆಟದ ಮಧ್ಯದಲ್ಲೇ ಮಾತು ಕಲೀತಾರೆ, ಅಕ್ಷರ ನಾವು ಮನೆಯಲ್ಲಿ ಕಲಿಸಿದೆವು.

ಮುಂದೆ ಎಂತ ಅನ್ನೋ ಪ್ರಶ್ನೆಗೆ. ಏಳು ಮುಗಿದ ಮೇಲೆ ಹತ್ತಿರದಲ್ಲೇ ಕನ್ನಡ ಮೀಡಿಯಂ ಹೈಸ್ಕೂಲುಗಳು ಉಂಟು, ಎಸ್‌ಎಸ್‌ಎಲ್‌ಸಿ ಕನ್ನಡ ಮೀಡಿಯಂನಲ್ಲೇ ಬರೀಬಹುದು. ಆಮೇಲೆ ಇಲ್ಲೇ ಪ್ಲಸ್ ಟು ಮಾಡುವವರು ಮಾಡ್ತಾರೆ, ಪುತ್ತೂರು ಮಂಗಳೂರಿಗೆ ಪಿಯುಸಿಗೆ ಹೋಗುವವರೂ ತುಂಬ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡಿನ ಕನ್ನಡ, ತುಳು ಮಾತೃಭಾಷೆಯವರಿಗೆ ಗಡಿನಾಡಿನವರು ಅಂತ ಅವಕಾಶ ಉಂಟು, ಅದಕ್ಕೆ ಕನ್ನಡ ಪರೀಕ್ಷೆ ಬರೀಬೇಕು, ಷರತ್ತುಗಳನ್ನು ಆ ವರ್ಷದ ಸೂಚನೆಯಲ್ಲಿ ಸರಿಯಾಗಿ ಓದಿ. ಏಳು ವರ್ಷ ಇಲ್ಲಿ ಕನ್ನಡದಲ್ಲಿ ಓದಿದ ಮಗುವಿಗೆ ಆ ಪರೀಕ್ಷೆಯ ಹೆದರಿಕೆ ಇಲ್ಲ.

ಸೇರಿಸುವವರು ಆಧಾರ್, ಜನನ ಸರ್ಟಿಫಿಕೇಟ್, ಬೇರೆ ಶಾಲೆಯಿಂದ ಬರೋದಾದ್ರೆ ಟಿ.ಸಿ. ರೆಡಿ ಮಾಡ್ಕೊಳ್ಳಿ. ಜೂನ್ ಅರ್ಧದಲ್ಲಿ ಬಂದ್ರೂ ತಗೊಳ್ತಾರೆ, ಆದ್ರೆ ಆರನೇ ದಿನದ ಮೊದಲು ಬಂದ್ರೆ ನಿಮ್ಮ ಮಗು ಲೆಕ್ಕಕ್ಕೆ ಸಿಗ್ತದೆ, ಒಂದು ಪೋಸ್ಟ್ ಉಳಿಯೋದು ಕೆಲವೊಮ್ಮೆ ಒಂದೇ ಮಗುವಿನಿಂದ. ವ್ಯಾನ್ ನಿಮ್ಮ ಕಡೆಗೆ ಬರ್ತದಾ ಅಂತ ಮೊದಲೇ ಕೇಳಿ, ಹೊಳೆಯಾಚೆಯ ರೂಟಿಗೆ ಸೀಟು ಬೇಗ ತುಂಬ್ತದೆ. ಮೇ ತಿಂಗಳಲ್ಲಿ ಹೋಗೋದಾದ್ರೆ ಬೆಳಿಗ್ಗೆ ಹತ್ತರ ನಂತರ ಹೋಗಿ, ಆಫೀಸಲ್ಲಿ ಒಬ್ಬರು ಟೀಚರ್ ಇದ್ದೇ ಇರ್ತಾರೆ, ಉಳಿದವರು ಆಗ ಮನೆಮನೆಗೆ ಹೋಗಿರ್ತಾರೆ.